ಹಳೇ ಕಾರಿನ ಮುಳ್ಳು ನಿಜ ಹೇಳಬೇಕಾದರೆ

ಟ್ಯಾಂಕಿನಲ್ಲಿ ಅರ್ಧದಷ್ಟೂ ಪೆಟ್ರೋಲ್ ಇಲ್ಲ, ಮುಳ್ಳು ಮಾತ್ರ ಫುಲ್ ದಾಟಿ ನಿಂತಿದೆ. ಎಂಜಿನ್ ಹದವಾಗಿ ಓಡುತ್ತಿದೆ, ಟೆಂಪರೇಚರ್ ಮುಳ್ಳು ಮಾತ್ರ ಕೆಂಪಿನ ಕಡೆ ವಾಲಿದೆ. 1960, 70ರ ದಶಕದ ಬ್ರಿಟಿಷ್ ಕಾರು ಇಟ್ಟುಕೊಂಡವರಿಗೆ ಈ ಸಂಕಟ ಹೊಸದಲ್ಲ. ಕೂಡಲೇ ಥರ್ಮೋಸ್ಟಾಟ್ ಬದಲಿಸುತ್ತಾರೆ, ರೇಡಿಯೇಟರ್ ಬಿಚ್ಚಿಸುತ್ತಾರೆ, ಟ್ಯಾಂಕ್ ಇಳಿಸಿ ತೊಳೆಸುತ್ತಾರೆ. ದುಡ್ಡು ಹೋಗುತ್ತದೆ, ಮುಳ್ಳು ಇದ್ದಲ್ಲೇ ಇರುತ್ತದೆ. ಬಹಳ ಸಲ ದೋಷ ಇರುವುದು ಡ್ಯಾಶ್‌ಬೋರ್ಡಿನ ಹಿಂದೆ ಕಣ್ಣಿಗೆ ಬೀಳದಂತೆ ಕೂತಿರುವ, ಎರಡು ಬೆರಳಗಲದ ತಗಡಿನ ಡಬ್ಬಿಯಲ್ಲಿ. ಅದರ ಹೆಸರು ವೋಲ್ಟೇಜ್ ಸ್ಟೆಬಿಲೈಸರ್. ಅದನ್ನು ಸರಿಯಾಗಿ ಗುರುತಿಸಿ, ಸರಿಯಾದದ್ದನ್ನು ತಂದು, ಸರಿಯಾಗಿ ಕೂರಿಸಿದರೆ ಅರ್ಧ ದಿನದ ಕೆಲಸ. ಅದಕ್ಕೆ ಬೇಕಾದ ಸೂತ್ರಗಳು ಇಲ್ಲಿವೆ.

1. ನಿಮ್ಮ ಕಾರಿನಲ್ಲಿ ಅದು ಇದೆಯೇ, ಮೊದಲು ನೋಡಿ

ಇಗ್ನಿಷನ್ ಕೀ ತಿರುಗಿಸಿ ಪೆಟ್ರೋಲ್ ಮುಳ್ಳನ್ನೇ ಗಮನಿಸಿ. ತಟ್ಟನೆ ಹಾರಿ, ಕಾರು ತಿರುವಿನಲ್ಲಿ ವಾಲಿದಾಗಲೆಲ್ಲ ತೂಗಾಡಿದರೆ ಅದು ಹಳೆಯ ಮಾದರಿಯ ಅಯಸ್ಕಾಂತದ ಮೀಟರ್. ಅದಕ್ಕೆ ಸ್ಟೆಬಿಲೈಸರ್ ಬೇಡ, ಹಾಕಲೂಬಾರದು. ಮುಳ್ಳು ನಿಧಾನವಾಗಿ ತೆವಳುತ್ತ ಮೇಲೇರಿ, ಅರ್ಧ ನಿಮಿಷದಷ್ಟು ಸಮಯ ತೆಗೆದುಕೊಂಡು ಒಂದು ಕಡೆ ನಿಂತರೆ ಅದು ಬೈಮೆಟಲ್ ಮೀಟರ್. ಸ್ಟೆಬಿಲೈಸರ್ ಬೇಕಾಗುವುದು ಇದಕ್ಕೆ.

1962ರಲ್ಲಿ ಬಂದ ಮೊದಲ ಎಂಜಿಬಿ ಸ್ಪೋರ್ಟ್ಸ್ ಕಾರುಗಳಲ್ಲಿ ಹಾರುವ ಮುಳ್ಳೇ ಇತ್ತು, ತೆವಳುವ ಮುಳ್ಳು ಬಂದದ್ದು ಆಮೇಲೆ. ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟಾಂಡರ್ಡ್ ಹೆರಾಲ್ಡ್ ಕೂಡ ಟ್ರಯಂಫ್ ಹೆರಾಲ್ಡ್‌ನ ಬಳಗದ್ದೇ, ಅದರಲ್ಲೂ ಮುಳ್ಳನ್ನು ಹೀಗೇ ನೋಡಿ. ಇಷ್ಟು ವರ್ಷಗಳಲ್ಲಿ ನಮ್ಮ ಗ್ಯಾರೇಜುಗಳಲ್ಲಿ ಎಷ್ಟೋ ಮೀಟರ್‌ಗಳು ಒಂದು ಕಾರಿನಿಂದ ಇನ್ನೊಂದಕ್ಕೆ ಹೋಗಿವೆ. ಆದ್ದರಿಂದ ಪುಸ್ತಕದಲ್ಲಿ ಏನಿದೆ ಎನ್ನುವುದಕ್ಕಿಂತ ನಿಮ್ಮ ಮುಳ್ಳು ಹೇಗೆ ನಡೆಯುತ್ತದೆ ಎನ್ನುವುದನ್ನು ನಂಬಿ.

2. ಅದು ಏನು ಮಾಡುತ್ತದೆ ಎಂದು ತಿಳಿದುಕೊಳ್ಳಿ

ಸ್ಮಿತ್ಸ್ ಕಂಪನಿಯ ಈ ಮೀಟರ್ ಒಳಗೆ ಎರಡು ಲೋಹ ಅಂಟಿಸಿದ ಒಂದು ಪಟ್ಟಿ ಇದೆ. ಅದರ ಸುತ್ತ ಸಣ್ಣ ತಂತಿ ಸುತ್ತಿದ್ದಾರೆ. ತಂತಿಯಲ್ಲಿ ಕರೆಂಟ್ ಹರಿದರೆ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಬಾಗಿದಷ್ಟು ಮುಳ್ಳು ಏರುತ್ತದೆ. ಮುಳ್ಳು ತೆವಳುವುದು ಅದಕ್ಕೇ.

ತೊಂದರೆ ಇರುವುದೂ ಇಲ್ಲೇ. ಬಿಸಿ ಏರುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ಕಾರು ನಿಂತಿದ್ದಾಗ 12 ವೋಲ್ಟ್, ರಸ್ತೆಯಲ್ಲಿ ಓಡುವಾಗ 14 ವೋಲ್ಟ್ ಎಂದುಕೊಳ್ಳಿ. ವ್ಯತ್ಯಾಸ ಎರಡೇ ವೋಲ್ಟ್, ಆದರೆ ಪಟ್ಟಿಗೆ ಸಿಗುವ ಬಿಸಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರಿಬಿಡುತ್ತದೆ. ಹಾಗಾದರೆ ಟ್ಯಾಂಕಿನಲ್ಲಿರುವ ಪೆಟ್ರೋಲನ್ನು ಅಳೆಯುವ ಬದಲು ಮುಳ್ಳು ಡೈನಮೋವನ್ನು ಅಳೆಯುತ್ತ ಕೂರುತ್ತದೆ. ಇದನ್ನು ತಪ್ಪಿಸಲು ಮೀಟರ್‌ಗೆ ಸದಾ 10 ವೋಲ್ಟ್ ಸಿಗುವಂತೆ ನೋಡಿಕೊಳ್ಳುವುದೇ ಸ್ಟೆಬಿಲೈಸರ್ ಕೆಲಸ.

ಹಳೆಯ ಡಬ್ಬಿ ಈ 10 ವೋಲ್ಟನ್ನು ನೇರವಾಗಿ ಕೊಡುವುದಿಲ್ಲ. ಇಸ್ತ್ರಿಪೆಟ್ಟಿಗೆ ಬಿಸಿಯಾದಾಗ ಟಕ್ಕೆಂದು ಆರಿ, ತಣಿದಾಗ ಮತ್ತೆ ಹೊತ್ತಿಕೊಳ್ಳುವಂತೆ, ಇದರೊಳಗಿನ ಪಟ್ಟಿಯೂ ಬಾಗಿ ಸಂಪರ್ಕ ಬಿಡುತ್ತದೆ, ತಣಿದು ಮತ್ತೆ ಕೂಡುತ್ತದೆ. ಪೂರ್ತಿ ವೋಲ್ಟೇಜ್ ಹೋಗಿ ಬಂದು ಮಾಡುತ್ತದೆ, ಸರಾಸರಿ 10 ವೋಲ್ಟ್ ಆಗುತ್ತದೆ. ಮೀಟರ್ ನಿಧಾನದ್ದಾದ್ದರಿಂದ ಅದಕ್ಕೆ ಈ ಏರಿಳಿತ ಗೊತ್ತೇ ಆಗುವುದಿಲ್ಲ. ಟ್ರಾನ್ಸಿಸ್ಟರ್ ದುಬಾರಿಯಾಗಿದ್ದ ಕಾಲದಲ್ಲಿ ಒಂದು ಪಟ್ಟಿ, ಒಂದು ತಂತಿಯಲ್ಲಿ ಇಷ್ಟು ಕೆಲಸ ಮುಗಿಸಿದವರ ಬುದ್ಧಿಯನ್ನು ಮೆಚ್ಚಲೇಬೇಕು.

3. ಎರಡು ಮುಳ್ಳೂ ಒಟ್ಟಿಗೆ ತಪ್ಪಿದರೆ ಸ್ಟೆಬಿಲೈಸರ್, ಒಂದೇ ತಪ್ಪಿದರೆ ಬೇರೆ

ಟ್ರಯಂಫ್ ಸ್ಪಿಟ್‌ಫೈರ್, ಲ್ಯಾಂಡ್ ರೋವರ್ ಸೀರೀಸ್ 3 ಇಂಥವುಗಳಲ್ಲಿ ಪೆಟ್ರೋಲ್ ಮತ್ತು ಟೆಂಪರೇಚರ್ ಎರಡಕ್ಕೂ ಒಂದೇ ಸ್ಟೆಬಿಲೈಸರ್‌ನಿಂದ ಕರೆಂಟ್ ಬರುತ್ತದೆ. ಎರಡೂ ಹೆಚ್ಚು ತೋರಿಸಿದರೆ ಡಬ್ಬಿಯ ಸಂಪರ್ಕ ಅಂಟಿಕೊಂಡಿದೆ, ಇಲ್ಲವೇ ಅದರ ಅರ್ಥ್ ಕಡಿದಿದೆ. ಎರಡೂ ಸತ್ತಂತಿದ್ದರೆ ಸಂಪರ್ಕ ಕೂಡುತ್ತಿಲ್ಲ, ಅಥವಾ ಡಬ್ಬಿಗೇ ಕರೆಂಟ್ ಬರುತ್ತಿಲ್ಲ. ಒಂದು ಸರಿ, ಇನ್ನೊಂದು ತಪ್ಪು ಎಂದಾದರೆ ಸ್ಟೆಬಿಲೈಸರ್ ಮುಟ್ಟಬೇಡಿ. ಆ ಮುಳ್ಳಿಗೆ ಅಳತೆ ಕಳುಹಿಸುವ ಸೆಂಡರ್, ಅದರ ವೈರ್, ಆ ಮೀಟರ್ ಈ ಮೂರನ್ನು ನೋಡಿ.

ಎಂಜಿಬಿ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಬ್ರಿಟನ್ನಿನಲ್ಲಿ ಮಾರಾಟವಾದ ಬಹುಪಾಲು ಎಂಜಿಬಿಗಳಲ್ಲಿ ಟೆಂಪರೇಚರ್ ಮೀಟರ್‌ಗೆ ಕರೆಂಟೇ ಇಲ್ಲ. ಎಂಜಿನ್‌ನಿಂದ ಡ್ಯಾಶ್‌ಬೋರ್ಡಿಗೆ ಒಂದು ಸಣ್ಣ ತಾಮ್ರದ ಕೊಳವೆ ಬರುತ್ತದೆ, ಅದರೊಳಗೆ ಈಥರ್ ತುಂಬಿದ್ದಾರೆ. ಅಲ್ಲಿ ಸ್ಟೆಬಿಲೈಸರ್ ಕೆಟ್ಟರೆ ಪೆಟ್ರೋಲ್ ಮುಳ್ಳೊಂದೇ ಕೆಡುತ್ತದೆ, ಮೇಲಿನ ಲೆಕ್ಕ ನಡೆಯುವುದಿಲ್ಲ. ಆ ಕೊಳವೆಯನ್ನು ವೈರ್ ಎಂದುಕೊಂಡು ಕತ್ತರಿಸಿದರಂತೂ ಮೀಟರ್ ಮುಗಿದಂತೆ.

4. ಹಸಿರು ವೈರ್ ಹಿಡಿದು ಹಿಂದಕ್ಕೆ ಹೋಗಿ

ಬ್ರಿಟಿಷ್ ವೈರಿಂಗಿನಲ್ಲಿ ಬಣ್ಣಕ್ಕೆ ಬೆಲೆ ಇದೆ. ಇಗ್ನಿಷನ್ ಹಾಕಿದಾಗ ಮಾತ್ರ ಬರುವ, ಫ್ಯೂಸ್ ದಾಟಿದ ಕರೆಂಟ್ ಹಸಿರು ವೈರಿನಲ್ಲಿ ಬರುತ್ತದೆ. ಅರ್ಥ್ ಕಪ್ಪು. ಸ್ಟೆಬಿಲೈಸರ್‌ನಿಂದ ಮೀಟರ್‌ಗೆ ಹೋಗುವುದು ತಿಳಿಹಸಿರು. ಪೆಟ್ರೋಲ್ ಸೆಂಡರ್‌ನದು ಹಸಿರಿನ ಮೇಲೆ ಕಪ್ಪು ಗೆರೆ, ಟೆಂಪರೇಚರ್‌ನದು ಹಸಿರಿನ ಮೇಲೆ ನೀಲಿ ಗೆರೆ.

ಇಂಡಿಕೇಟರ್, ಬ್ರೇಕ್ ಲೈಟ್ ಕೂಡ ಇದೇ ಹಸಿರು ಸಾಲಿನವು. ಅವೂ ಮಂದವಾಗಿದ್ದರೆ ಫ್ಯೂಸ್ ಬಾಕ್ಸಿನ ಕ್ಲಿಪ್ಪುಗಳಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ. ಫ್ಯೂಸ್ ತೆಗೆದು, ಕ್ಲಿಪ್ಪನ್ನು ಎಮರಿ ಪೇಪರ್‌ನಲ್ಲಿ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕೂರಿಸಿ. ಎಷ್ಟೋ ಕಾರುಗಳಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ.

5. ಅಳೆಯುವಾಗ ಡಿಜಿಟಲ್ ಮೀಟರ್ ನೋಡಿ ಗಾಬರಿಯಾಗಬೇಡಿ

ಹಳೆಯ ಡಬ್ಬಿಯ ಔಟ್‌ಪುಟ್‌ಗೆ ಡಿಜಿಟಲ್ ಮಲ್ಟಿಮೀಟರ್ ಹಿಡಿದರೆ 12, 0, 12, 0 ಎಂದು ಕುಣಿಯುತ್ತದೆ. ಅದು ಆರೋಗ್ಯದ ಲಕ್ಷಣ. ಎಂಜಿಬಿಯ ವರ್ಕ್‌ಶಾಪ್ ಕೈಪಿಡಿ ಕೇಳುವುದು ಎರಡು ನಿಮಿಷದ ಸರಾಸರಿ 10 ವೋಲ್ಟ್ ಇದೆಯೇ ಎಂದು ಮಾತ್ರ. ಸುಲಭದ ದಾರಿ, 12 ವೋಲ್ಟಿನ ಸಣ್ಣ ಟೆಸ್ಟ್ ಲ್ಯಾಂಪ್. ಔಟ್‌ಪುಟ್‌ಗೂ ಅರ್ಥಿಗೂ ನಡುವೆ ಹಿಡಿಯಿರಿ. ಬಿಟ್ಟುಬಿಟ್ಟು ಉರಿದರೆ ಡಬ್ಬಿ ಬದುಕಿದೆ. ಒಂದೇ ಸಮನೆ ಉರಿದರೆ ಅಂಟಿಕೊಂಡಿದೆ. ಉರಿಯದೇ ಇದ್ದರೆ ಒಳಗೆ ಬರುವ ಹಸಿರು ವೈರನ್ನು ನೋಡಿ, ಅಲ್ಲಿ ಕರೆಂಟ್ ಇದ್ದರೆ ಡಬ್ಬಿ ಸತ್ತಿದೆ.

6. ಹೊಸದು ಕೊಳ್ಳುವ ಮೊದಲು ಅರ್ಥ್ ಸ್ಕ್ರೂ ಬಿಚ್ಚಿ ನೋಡಿ

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳುವ ಸೂತ್ರ ಇದು. ಡಬ್ಬಿಯನ್ನು ಹಿಡಿದಿರುವ ಒಂದೇ ಸ್ಕ್ರೂ ಅದರ ಅರ್ಥ್ ಕೂಡ ಹೌದು. ಒಳಗಿನ ತಂತಿ ಬಿಸಿಯಾಗುವುದು ಆ ಅರ್ಥ್ ಮೂಲಕ ಕರೆಂಟ್ ಹರಿದಾಗ ಮಾತ್ರ. ಅರ್ಥ್ ಇಲ್ಲದಿದ್ದರೆ ತಂತಿ ತಣ್ಣಗಿರುತ್ತದೆ, ಪಟ್ಟಿ ಬಾಗುವುದಿಲ್ಲ, ಸಂಪರ್ಕ ಬಿಡುವುದಿಲ್ಲ, 12 ವೋಲ್ಟೂ 14 ವೋಲ್ಟೂ ಸೀದಾ ಮೀಟರ್‌ಗೆ ನುಗ್ಗುತ್ತದೆ. ಅಂದರೆ ಡಬ್ಬಿ ಪೂರ್ತಿ ಸರಿ ಇದ್ದರೂ ಮುಳ್ಳು ಸುಳ್ಳು ಹೇಳುತ್ತದೆ.

ಹೊಸದಾಗಿ ಪೇಂಟ್ ಹೊಡೆಸಿದ ಕಾರುಗಳಲ್ಲಿ ಇದು ತೀರಾ ಸಾಮಾನ್ಯ. ಪೇಂಟ್ ಅಂಗಡಿಯವರು ಚೆನ್ನಾಗಿಯೇ ಹೊಡೆದಿರುತ್ತಾರೆ, ಸ್ಕ್ರೂ ಕೂರುವ ಜಾಗಕ್ಕೂ ಎರಡು ಕೋಟ್ ಬಿದ್ದಿರುತ್ತದೆ. ಸ್ಕ್ರೂ ತೆಗೆದು, ರಂಧ್ರದ ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಬರಿಯ ಲೋಹ ಕಾಣುವವರೆಗೆ ಉಜ್ಜಿ. ಹಲ್ಲಿರುವ ವಾಷರ್ ಹಾಕಿ ಬಿಗಿಯಿರಿ. ತುಕ್ಕು ಹಿಡಿಯದಿರಲಿ ಎಂದು ಮೇಲೆ ಚೂರು ಗ್ರೀಸ್ ಸವರಿ. ಟ್ರಯಂಫ್ ಕಾರುಗಳಲ್ಲಿ ಡಬ್ಬಿ ಸ್ಪೀಡೋಮೀಟರ್ ಬೆನ್ನಿಗೇ ಕೂತಿರುತ್ತದೆ. ಅಲ್ಲಿ ಸ್ಪೀಡೋಮೀಟರ್‌ಗೇ ಅರ್ಥ್ ಇಲ್ಲದಿದ್ದರೆ ಡಬ್ಬಿಗೂ ಇಲ್ಲ. ಎಲ್ಲಿಯೇ ಕೂರಿಸಿ, ಡಬ್ಬಿಯಿಂದ ಬಾಡಿಗೆ ಒಂದು ಕಪ್ಪು ವೈರನ್ನು ಪ್ರತ್ಯೇಕವಾಗಿ ಎಳೆದುಬಿಡಿ. ಹತ್ತು ರೂಪಾಯಿಯ ವೈರ್, ಮುಳ್ಳಿನಿಂದ ನಿಜ ಹೇಳಿಸುವ ವೈರ್.

7. ಪಾಸಿಟಿವ್ ಅರ್ಥೋ ನೆಗೆಟಿವ್ ಅರ್ಥೋ, ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಿ

ನಮಗೆ ಬ್ಯಾಟರಿಯ ಮೈನಸ್ಸೇ ಬಾಡಿಗೆ ಸೇರಿರುವುದು ರೂಢಿ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ಸೇ ಬಾಡಿಗೆ ಸೇರಿರುತ್ತಿತ್ತು. ಎಂಜಿಬಿ ನೆಗೆಟಿವ್ ಅರ್ಥ್‌ಗೆ ಬಂದದ್ದು 1967ರ ಕೊನೆಯಲ್ಲಿ, ಎರಡನೇ ಮಾದರಿಯೊಂದಿಗೆ. ಆಮೇಲೆ ಆಲ್ಟರ್ನೇಟರ್ ಹಾಕಿಸಲೆಂದೋ ಹೊಸ ರೇಡಿಯೋಗೆಂದೋ ಎಷ್ಟೋ ಜನ ತಮ್ಮ ಕಾರನ್ನು ಬದಲಿಸಿಕೊಂಡಿದ್ದಾರೆ. ಕಾರಿನ ವರ್ಷ ನೋಡಿ ತೀರ್ಮಾನಿಸಬೇಡಿ. ಬ್ಯಾಟರಿಯ ಯಾವ ತುದಿಯ ಕೇಬಲ್ ಬಾಡಿಗೆ ಬೋಲ್ಟ್ ಆಗಿದೆ ಎಂದು ನೋಡಿ.

ಹಳೆಯ ಡಬ್ಬಿಗೆ ಪ್ಲಸ್ ಮೈನಸ್ ಎಂಬ ಭೇದವಿಲ್ಲ, ಬಿಸಿಯಾಗುವುದೊಂದೇ ಗೊತ್ತು. ಎಲೆಕ್ಟ್ರಾನಿಕ್ ಸ್ಟೆಬಿಲೈಸರ್‌ಗೆ ಭೇದ ಇದೆ, ತಪ್ಪು ಹಾಕಿದರೆ ಕ್ಷಣದಲ್ಲಿ ಸುಡುತ್ತದೆ. ಕೊಳ್ಳುವಾಗ ಅಂಗಡಿಯವರಿಗೆ ಮೊದಲು ಹೇಳಬೇಕಾದ್ದು ಇದನ್ನೇ.

8. ಯಾವುದನ್ನು ಹಾಕುವುದು

ಹಳೆಯ ಮಾದರಿಯದ್ದೇ ಹೊಸದಾಗಿ ತಯಾರಾಗಿ ಸಿಗುತ್ತದೆ, ಅದೇ ಡಬ್ಬಿಯಲ್ಲಿ ಎಲೆಕ್ಟ್ರಾನಿಕ್ ಕೂಡ ಸಿಗುತ್ತದೆ. ನನ್ನ ಮತ ಎಲೆಕ್ಟ್ರಾನಿಕ್‌ಗೆ. ಸಂಪರ್ಕ ಸವೆಯುವ ಮಾತಿಲ್ಲ, ರೇಡಿಯೋದಲ್ಲಿ ಚಟಚಟ ಸದ್ದಿಲ್ಲ, ಹೇಗೆ ಕೂರಿಸಿದರೂ ಸರಿ. ಹೊರಗಿನಿಂದ ನೋಡಿದರೆ ಮೂಲದ್ದೇ ಅನ್ನಿಸುತ್ತದೆ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ, ತಿರುಪು ತಿರುಗಿಸಿ ವೋಲ್ಟೇಜ್ ಹೊಂದಿಸುವ ಬಕ್ ಕನ್ವರ್ಟರ್ ಬೇಡ. ಕಾರಿನ ಅದುರಾಟಕ್ಕೆ ಆ ಪುಟ್ಟ ತಿರುಪು ಸರಿದರೆ 10 ವೋಲ್ಟ್ ಹೋಗಿ ಇನ್ನೆಷ್ಟೋ ಆಗುತ್ತದೆ. ನಿಮಗೆ ಗೊತ್ತಾಗುವುದು ನಡುದಾರಿಯಲ್ಲಿ ಪೆಟ್ರೋಲ್ ಮುಗಿದಾಗ.

9. ನೀವೇ ಮಾಡಿಕೊಳ್ಳುವುದಾದರೆ ಹಳೆಯ ಡಬ್ಬಿಯೊಳಗೇ ಮಾಡಿ

ಬೆಸುಗೆ ಹಾಕಲು ಬರುವವರಿಗೆ ಇದು ಖುಷಿ ಕೊಡುವ ಕೆಲಸ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ 7810 ಎಂಬ ಮೂರು ಕಾಲಿನ ರೆಗ್ಯುಲೇಟರ್ ಕೇಳಿ. ಜೊತೆಗೆ 0.33 ಮತ್ತು 0.1 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್.

ಡಬ್ಬಿಯ ಅಂಚನ್ನು ಬುಡದ ಮೇಲೆ ಮಡಚಿ ಹಿಡಿಸಿರುತ್ತಾರೆ. ಸಣ್ಣ ಸ್ಕ್ರೂಡ್ರೈವರ್‌ನಿಂದ ಆ ಮಡಿಕೆಯನ್ನು ಸ್ವಲ್ಪಸ್ವಲ್ಪವೇ ಸುತ್ತಲೂ ಎಬ್ಬಿಸಿ. ಅವಸರ ಮಾಡಿದರೆ ತಗಡು ಹರಿಯುತ್ತದೆ. ಒಳಗಿನ ಪಟ್ಟಿ, ತಂತಿ ತೆಗೆಯಿರಿ, ಹೊರಗಿನ ಟರ್ಮಿನಲ್‌ಗಳನ್ನು ಹಾಗೇ ಉಳಿಸಿ. 7810ರ ಬರಹ ನಿಮ್ಮ ಕಡೆ, ಕಾಲು ಕೆಳಗೆ ಬರುವಂತೆ ಹಿಡಿದರೆ ಎಡದ ಕಾಲು ಒಳಬರುವುದು, ನಡುವಿನದು ಅರ್ಥ್, ಬಲದ್ದು ಹೊರಹೋಗುವುದು. ಎಡದ್ದು ಬ್ಯಾಟರಿ ಕಡೆಯ ‘ಬಿ’ ಟರ್ಮಿನಲ್‌ಗೆ, ಬಲದ್ದು ಮೀಟರ್ ಕಡೆಯ ‘ಐ’ ಟರ್ಮಿನಲ್‌ಗೆ. ದೊಡ್ಡ ಕೆಪಾಸಿಟರ್ ಎಡದ ಕಾಲಿಗೂ ಅರ್ಥಿಗೂ ನಡುವೆ, ಚಿಕ್ಕದು ಬಲದ ಕಾಲಿಗೂ ಅರ್ಥಿಗೂ ನಡುವೆ, ಕಾಲುಗಳಿಗೆ ಆದಷ್ಟು ಹತ್ತಿರದಲ್ಲಿ. ಬೆನ್ನಿನ ಲೋಹದ ತಗಡು ಅರ್ಥ್‌ಗೇ ಸೇರಿರುವುದರಿಂದ ಅದನ್ನು ಡಬ್ಬಿಯ ಮೈಗೆ ಬೋಲ್ಟ್ ಮಾಡಿ, ಬಿಸಿಯೂ ಅಲ್ಲಿಂದಲೇ ಹೊರಹೋಗುತ್ತದೆ. ಎರಡು ಮೀಟರ್ ಸೇರಿ ಎಳೆಯುವುದು ಹೆಚ್ಚೆಂದರೆ ಕಾಲು ಆಂಪಿಯರ್, 14 ವೋಲ್ಟ್ ಬಂದಾಗ ಒಂದು ವ್ಯಾಟ್‌ನಷ್ಟು ಬಿಸಿ. ಡಬ್ಬಿಯ ಮೈ ಅಷ್ಟನ್ನು ತಡೆಯುತ್ತದೆ.

7810ಕ್ಕೆ ಒಂದು ಮಿತಿ ಇದೆ. 10 ವೋಲ್ಟ್ ಕೊಡಬೇಕಾದರೆ ಅದಕ್ಕೆ 12ರ ಸುಮಾರು ಒಳಬರಬೇಕು. ಡೈನಮೋ ಇರುವ ಕಾರು ಸಿಗ್ನಲ್‌ನಲ್ಲಿ ಹೆಡ್‌ಲೈಟ್ ಹಾಕಿ ನಿಂತಾಗ ಅಷ್ಟೂ ಸಿಗದೆ ಮುಳ್ಳು ಸ್ವಲ್ಪ ಇಳಿಯುತ್ತದೆ. ಅದು ಬೇಡ ಎನ್ನುವವರು ಎಲ್‌ಎಂ 2940ರ 10 ವೋಲ್ಟ್ ಮಾದರಿ ಹುಡುಕಲಿ. ಕಾರುಗಳಿಗೆಂದೇ ಮಾಡಿದ್ದು, ಅರ್ಧ ವೋಲ್ಟ್ ಹೆಚ್ಚಿದ್ದರೂ ಸಾಕು, ಬ್ಯಾಟರಿ ತಿರುವುಮುರುವಾದರೂ ಸಾಯುವುದಿಲ್ಲ. ಔಟ್‌ಪುಟ್‌ಗೆ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ಮಾತ್ರ ಕಡ್ಡಾಯ.

ಪಾಸಿಟಿವ್ ಅರ್ಥ್ ಕಾರಿಗೆ 7810 ಆಗದು, 7910 ಬೇಕು. ಅದರ ಕಾಲುಗಳ ಕ್ರಮ ಬೇರೆ: ಎಡದ್ದು ಅರ್ಥ್, ನಡುವಿನದು ಒಳಬರುವುದು, ಬಲದ್ದು ಹೊರಹೋಗುವುದು. ಬೆನ್ನಿನ ತಗಡು ಸೇರಿರುವುದು ಒಳಬರುವ ಕಾಲಿಗೆ, ಅರ್ಥಿಗಲ್ಲ. ಅದನ್ನು ನೇರವಾಗಿ ಡಬ್ಬಿಗೆ ಬೋಲ್ಟ್ ಮಾಡಿದರೆ ಬ್ಯಾಟರಿಯೇ ಶಾರ್ಟ್ ಆಗುತ್ತದೆ. ನಡುವೆ ಮೈಕಾ ಹಾಳೆ, ಬೋಲ್ಟಿಗೆ ಪ್ಲಾಸ್ಟಿಕ್ ಬುಷ್ ಹಾಕಲೇಬೇಕು. ಕೆಪಾಸಿಟರ್‌ಗಳೂ ದೊಡ್ಡವು: ಒಳಬರುವ ಕಡೆ 2.2, ಹೊರಹೋಗುವ ಕಡೆ 1 ಮೈಕ್ರೋಫ್ಯಾರಡ್‌ನ ಟ್ಯಾಂಟಲಮ್. ಅವುಗಳಿಗೂ ಪ್ಲಸ್ ಮೈನಸ್ ಇದೆ, ಇಲ್ಲಿ ಪ್ಲಸ್ ಕಾಲು ಅರ್ಥ್ ಕಡೆಗೆ.

10. ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕುವ ಮೊದಲು ಬ್ಯಾಟರಿ ಕಳಚಿ

ಬಾಡಿಗೆ ಸೇರಿದ ಕೇಬಲನ್ನು ಮೊದಲು ಬಿಚ್ಚಿ. ಹಳೆಯ ಎಂಜಿಬಿಯಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಸೀಟುಗಳ ಹಿಂದೆ, ನೆಲದ ಕೆಳಗೆ ಇರುತ್ತವೆ. ಒಂದರ ಅರ್ಥ್ ಬಿಚ್ಚಿದರೆ ಸಾಕು. ಆಮೇಲೆ ಮೊಬೈಲ್‌ನಲ್ಲಿ ಡಬ್ಬಿಯ ಫೋಟೊ ತೆಗೆದುಕೊಳ್ಳಿ, ಪ್ರತಿ ವೈರಿಗೂ ಟೇಪ್ ಅಂಟಿಸಿ ‘ಬಿ’ ಅಥವಾ ‘ಐ’ ಎಂದು ಬರೆಯಿರಿ. ಐವತ್ತು ವರ್ಷ ಕಳೆದ ವೈರಿನಲ್ಲಿ ಹಸಿರು ಯಾವುದು, ತಿಳಿಹಸಿರು ಯಾವುದು ಎಂದು ಟಾರ್ಚ್ ಬೆಳಕಿನಲ್ಲಿ ಹೇಳುವುದು ಕಷ್ಟ.

11. ‘ಬಿ’ ಬ್ಯಾಟರಿಗೆ, ‘ಐ’ ಮೀಟರ್‌ಗೆ, ‘ಇ’ ಅರ್ಥಿಗೆ

ಹಸಿರು ವೈರ್ ‘ಬಿ’ಗೆ, ತಿಳಿಹಸಿರು ‘ಐ’ಗೆ. ಸಡಿಲವಾದ ಸ್ಪೇಡ್ ಕನೆಕ್ಟರನ್ನು ಪ್ಲೈಯರ್‌ನಲ್ಲಿ ಹಗುರಾಗಿ ಒತ್ತಿ ಬಿಗಿ ಮಾಡಿ, ಕಪ್ಪಾಗಿದ್ದರೆ ಹೊಸದೇ ಹಾಕಿ.

12. ಹಳೆಯ ಮಾದರಿ ಹಾಕಿದರೆ ನೆಟ್ಟಗೆ ನಿಲ್ಲಿಸಿ

‘ಬಿ’ ಮತ್ತು ‘ಇ’ ಮೇಲೆ ಬರಬೇಕು, ನೆಟ್ಟಗಿನಿಂದ 20 ಡಿಗ್ರಿಗಿಂತ ಹೆಚ್ಚು ವಾಲಬಾರದು. ಒಳಗಿನ ಬಿಸಿ ಹೇಗೆ ಹರಡುತ್ತದೆ ಎನ್ನುವುದರ ಮೇಲೆ ಅದರ ಲೆಕ್ಕ ನಿಂತಿದೆ. ಮಲಗಿಸಿ ಕೂರಿಸಿದರೆ ಸರಾಸರಿ ಬದಲಾಗುತ್ತದೆ.

13. ಸೆಂಡರ್ ವೈರನ್ನು ಅರ್ಥಿಗೆ ಮುಟ್ಟಿಸಿ ನೋಡಬೇಡಿ

ಮೆಕ್ಯಾನಿಕ್‌ಗಳಲ್ಲಿ ಇದೊಂದು ಚಾಳಿ. ವೈರ್ ಬಿಚ್ಚಿ ಬಾಡಿಗೆ ತಗುಲಿಸಿ, ‘ಮುಳ್ಳು ಏರಿತು ನೋಡಿ ಸಾರ್, ಮೀಟರ್ ಸರಿ ಇದೆ’ ಎನ್ನುತ್ತಾರೆ. ಹಾರುವ ಮುಳ್ಳಿಗೆ ಅದು ನಡೆದೀತು. ಬೈಮೆಟಲ್ ಮೀಟರನ್ನು ಹಾಗೆ ಪರೀಕ್ಷಿಸಲೇಬಾರದು ಎಂದು ಕೈಪಿಡಿಯೇ ಹೇಳುತ್ತದೆ. ಒಳಗಿನ ಸಣ್ಣ ತಂತಿ ಸುಟ್ಟುಹೋಗಬಹುದು, ಪಟ್ಟಿ ಬಾಗಿದ್ದು ಹಾಗೇ ಉಳಿಯಬಹುದು.

ಸರಿಯಾದ ಪರೀಕ್ಷೆಗೆ 68 ಓಮ್‌ನ ಒಂದು ರೆಸಿಸ್ಟರ್ ಸಾಕು, ಎರಡು ವ್ಯಾಟ್‌ನದು ಇರಲಿ. ಸೆಂಡರ್ ವೈರ್ ಬಿಚ್ಚಿ, ಅದಕ್ಕೂ ಅರ್ಥಿಗೂ ನಡುವೆ ರೆಸಿಸ್ಟರ್ ಹಿಡಿಸಿ, ಇಗ್ನಿಷನ್ ಹಾಕಿ ಎರಡು ನಿಮಿಷ ಕಾಯಿರಿ. ಪೆಟ್ರೋಲ್ ಮುಳ್ಳು ಹೆಚ್ಚುಕಡಿಮೆ ಅರ್ಧಕ್ಕೆ ಬಂದು ನಿಲ್ಲಬೇಕು. ನಿಂತರೆ ಸ್ಟೆಬಿಲೈಸರ್ ಸರಿ, ಮೀಟರ್ ಸರಿ. ಸೆಂಡರ್ ವೈರ್ ಮತ್ತೆ ಜೋಡಿಸಿದಾಗ ಇನ್ನೂ ತಪ್ಪು ತೋರಿಸುತ್ತಿದ್ದರೆ ಟ್ಯಾಂಕಿನ ಸೆಂಡರ್ ಕಡೆ ಹೋಗಿ. ಟ್ಯಾಂಕಿನ ಹತ್ತಿರ ಕಿಡಿ ಹಾರುವಂಥ ಕೆಲಸ ಬೇಡ, ಈ ಪರೀಕ್ಷೆಯನ್ನು ಮೀಟರ್ ಕಡೆಯಿಂದಲೇ ಮಾಡಿ.

14. ಮೀಟರ್ ಹೊಂದಿಸುವುದು ಕಟ್ಟಕಡೆಯ ಕೆಲಸ

ಸ್ಮಿತ್ಸ್ ಮೀಟರ್ ಬೆನ್ನಿನಲ್ಲಿ ಕಾರ್ಕ್ ಮುಚ್ಚಿದ ಎರಡು ಪುಟ್ಟ ರಂಧ್ರಗಳಿರುತ್ತವೆ. ಒಳಗಿರುವ ಹಲ್ಲಿನ ತುಂಡುಗಳನ್ನು ಸರಿಸಿದರೆ ಮುಳ್ಳಿನ ಖಾಲಿ ಮತ್ತು ಫುಲ್ ಜಾಗ ಬದಲಾಗುತ್ತದೆ. ಇದು ಗೊತ್ತಾದವರಿಗೆ ಕೈ ತುರಿಸುತ್ತದೆ. ಆದರೆ ಸ್ಟೆಬಿಲೈಸರ್ ಕೆಟ್ಟಿರುವಾಗ ಇದನ್ನು ತಿರುಗಿಸಿದರೆ ಒಂದು ತಪ್ಪಿಗೆ ಇನ್ನೊಂದು ತಪ್ಪನ್ನು ಜೋಡಿಸಿದಂತೆ. 10 ವೋಲ್ಟ್ ಬರುತ್ತಿದೆ, ಅರ್ಥ್ ಗಟ್ಟಿ ಇದೆ, ಸೆಂಡರ್ ಸರಿ ಇದೆ, ಇಷ್ಟು ಖಾತ್ರಿಯಾದ ಮೇಲೂ ಮುಳ್ಳು ಪಕ್ಕಕ್ಕಿದ್ದರೆ ಮಾತ್ರ, ಒಂದೊಂದು ಕೂದಲೆಳೆಯಷ್ಟು.

15. ಸ್ಟೆಬಿಲೈಸರ್‌ನಿಂದ ಬೇರೆ ಏನಕ್ಕೂ ಕರೆಂಟ್ ಎಳೆಯಬೇಡಿ

ರೇಡಿಯೋ, ಮೊಬೈಲ್ ಚಾರ್ಜರ್, ಬ್ಯಾಟರಿಯ ವೋಲ್ಟ್‌ಮೀಟರ್ ಇವೆಲ್ಲ ಹಸಿರು ವೈರಿನ ಕಡೆಯವು. ವೋಲ್ಟ್‌ಮೀಟರನ್ನು ಗೊತ್ತಿಲ್ಲದೆ ‘ಐ’ಗೆ ಸೇರಿಸಿದರೆ ಅದು ಯಾವಾಗಲೂ 10 ತೋರಿಸುತ್ತದೆ, ನೀವು ಒಳ್ಳೆಯ ಬ್ಯಾಟರಿಯನ್ನು ಬಿಸಾಡುತ್ತೀರಿ.

16. ಟ್ಯಾಂಕನ್ನು ನೀವೇ ಒಂದು ಸಲ ಅಳೆದುಬಿಡಿ

ಎಲ್ಲ ಸರಿಯಾದ ಮೇಲೆ ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಪೆಟ್ರೋಲ್ ಕಡಿಮೆ ಇರುವ ದಿನ ಐದೈದು ಲೀಟರ್ ಹಾಕುತ್ತ, ಪ್ರತಿ ಸಲ ಇಗ್ನಿಷನ್ ಹಾಕಿ ಎರಡು ನಿಮಿಷ ಕಾದು, ಮುಳ್ಳು ನಿಂತ ಜಾಗವನ್ನು ಬರೆದುಕೊಳ್ಳಿ. ಈ ಮೀಟರ್‌ಗಳು ಎಲ್ಲ ಕಡೆ ಒಂದೇ ಅಳತೆಯಲ್ಲಿ ನಡೆಯುವುದಿಲ್ಲ. ನಿಮ್ಮ ಕಾರಿನಲ್ಲಿ ಕಾಲು ಗೆರೆ ಎಂದರೆ ಎಷ್ಟು ಲೀಟರ್ ಎಂಬ ಚೀಟಿಯನ್ನು ಗ್ಲೋವ್ ಬಾಕ್ಸಿನಲ್ಲಿ, ಕೈಪಿಡಿಯ ಜೊತೆ ಇಡಿ. ಹಾಕಿದ ಸ್ಟೆಬಿಲೈಸರ್ ಯಾವ ಬಗೆಯದು, ಕಾರು ಯಾವ ಅರ್ಥ್ ಎಂಬುದನ್ನೂ ಅದೇ ಚೀಟಿಯಲ್ಲಿ ದೊಡ್ಡದಾಗಿ ಬರೆಯಿರಿ. ಮುಂದೆ ಆ ಕಾರಿಗೆ ಕೈ ಹಾಕುವ ಎಲೆಕ್ಟ್ರಿಷಿಯನ್ ಮೊದಲು ಕೇಳುವುದು ಅದನ್ನೇ.